ಹಳೇ ಹಂಚು, ಗುಜರಿ, ಕಾಫಿ ಕಟ್ಟಿಗೆ: ಕೊಡಗಿನ ಮಳೆಗೆ ನಿಲ್ಲುವ ಕಲಾಕೃತಿ ಮಾಡೋದು ಹೇಗೆ?

ಹೆಂಚಿನಮನೆ, ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಜಗಲಿಯ ಒಂದು ಗೋಡೆ ಬೋಳಾಗಿ ನಿಂತಿದೆ. ಆರಡಿ ಅಗಲ, ನಾಲ್ಕಡಿ ಎತ್ತರ ಸಿಗುತ್ತದೆ. ಹಳೇ ಸಾಮಾನು ಸೇರಿಸಿ ಅಲ್ಲಿಗೊಂದು ದೊಡ್ಡ ಕೃತಿ ಮಾಡುವ ಆಸೆ. ಮರ, ಕಬ್ಬಿಣ, ಬಟ್ಟೆ, ಕಾಗದ, ಮೇಲೆ ಸ್ವಲ್ಪ ಬಣ್ಣ. ಅಂಟು, ಮೊಳೆ, ಬಣ್ಣ ಬಿಟ್ಟು ಬೇರೇನೂ ಅಂಗಡಿಯಿಂದ ತರಬಾರದು ಅಂತ ನನ್ನ ಹಟ.

ಸಾಮಾನಿಗೆ ಬರ ಇಲ್ಲ. ನಮ್ಮ ಮಾವನವರು ಯಾವುದನ್ನೂ ಬಿಸಾಡಿದವರಲ್ಲ. ಕಾಫಿ ಸ್ಟೋರಿನ ಮೂಲೆಯಲ್ಲಿ ಮಂಗಳೂರು ಹಂಚಿನ ರಾಶಿ ಇದೆ. ತುಕ್ಕು ಹಿಡಿದ ಕಸಿ ಕತ್ತರಿಗಳು, ಔಷಧಿ ಹೊಡೆಯುವ ಹಿತ್ತಾಳೆ ಪಂಪಿನ ತುಂಡುಗಳು, ಇಲಿ ಕಡಿದ ಗೋಣಿಚೀಲ, ಗಾಜು ಒಡೆದ ಲಾಟೀನು, ಆಳುಗಳ ಹಾಜರಿ ಬರೆದ ಚೆಕ್‌ರೋಲ್ ಪುಸ್ತಕಗಳು. ಅಂಗಳದಲ್ಲಿ ಕಿತ್ತು ಹಾಕಿದ ಕಾಫಿ ಗಿಡದ ಬುಡಗಳೂ ಬಿದ್ದಿವೆ.

ತೊಂದರೆ ಇರೋದು ಮಳೆಯದು. ಜಗಲಿಗೆ ಮಾಡು ಇದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಎರಚಲು ಹೊಡೆಯುತ್ತದೆ. ಒಳಗಿಟ್ಟ ಚಪ್ಪಲಿಗೇ ಬೂಷ್ಟು ಬರುವ ಊರು ನಮ್ಮದು. ಯೂಟ್ಯೂಬ್‌ನಲ್ಲಿ ತೋರಿಸುವವರೆಲ್ಲ ಒಣ ಊರಿನವರು. ಬಿಸಿ ಅಂಟಿನ ಗನ್ ಹಿಡಿದು ಪಟಪಟ ಅಂಟಿಸಿ ಮುಗಿಸುತ್ತಾರೆ. ಇಲ್ಲಿ ಅದು ನಿಲ್ಲುತ್ತಾ? ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಗುಜರಿ ಗೆಳೆಯ, ಕುಶಾಲನಗರ

ಅಕ್ಕ, ಬಿಸಿ ಅಂಟು ಮರೆತುಬಿಡಿ. ಅದು ಹಂಚಿನಂಥ ತಣ್ಣನೆ ಮೈಗೆ ಸರಿಯಾಗಿ ಕಚ್ಚುವುದೇ ಇಲ್ಲ. ಬೇಸಿಗೆಯಲ್ಲಿ ಮೆತ್ತಗಾಗುತ್ತದೆ, ಮಳೆಗಾಲದಲ್ಲಿ ಸಿಪ್ಪೆಯಾಗಿ ಏಳುತ್ತದೆ. ಬಿಳಿ ಅಂಟೂ ನೀರಿಗೆ ತಡೆಯುವಂಥದ್ದಲ್ಲ. ಮರಕ್ಕೆ ಮರ ಸೇರಿಸುವುದಾದರೆ ದೋಣಿ, ಅಡುಗೆಮನೆ ಕೆಲಸಕ್ಕೆ ಬರುವ ನೀರು ತಡೆಯುವ ಅಂಟು ತನ್ನಿ. ಲೋಹಕ್ಕೆ ಎರಡು ಟ್ಯೂಬ್ ಕಲಸುವ ಎಪಾಕ್ಸಿ. ಅದನ್ನೂ ಹಚ್ಚುವ ಮೊದಲು ಎರಡೂ ಕಡೆ ಪಾಲಿಶ್ ಪೇಪರ್‌ನಿಂದ ಉಜ್ಜಿ ಒರಟು ಮಾಡಬೇಕು. ಎಣ್ಣೆ ಜಿಡ್ಡಿದ್ದರೆ ಎಪಾಕ್ಸಿ ಕೂಡ ಕೈಕೊಡುತ್ತದೆ.

ಆದರೆ ನನ್ನನ್ನು ಕೇಳಿದರೆ ಅಂಟನ್ನು ನಂಬಿಕೊಂಡು ಶುರು ಮಾಡಲೇಬೇಡಿ. ನಿಮ್ಮ ತಲೆ ಮೇಲೇ ನೋಡಿ. ಮಾಡಿನ ಹಂಚಿಗೆ ಯಾರಾದರೂ ಅಂಟು ಹಾಕಿದ್ದಾರಾ? ಹಿಂಬದಿಯ ಮೂಗನ್ನು ರೀಪಿಗೆ ಸಿಕ್ಕಿಸಿದ್ದಾರೆ, ಅಷ್ಟೇ. ಅದು ಎಷ್ಟು ಮಳೆಗಾಲ ಕಂಡಿದೆ! ನೀವೂ ಹಾಗೇ ಮಾಡಿ. ಕಬ್ಬಿಣದ ಆಂಗಲ್‌ನಲ್ಲಿ ಒಂದು ಚೌಕಟ್ಟು, ಅದಕ್ಕೆ ಅಡ್ಡಡ್ಡ ರೀಪು. ಹಂಚನ್ನು ಸಿಕ್ಕಿಸಿ, ಕತ್ತರಿಯನ್ನು ತಂತಿಯಲ್ಲಿ ಕಟ್ಟಿ, ಗೋಣಿಯನ್ನು ಹುರಿಯಲ್ಲಿ ಹೊಲಿಯಿರಿ, ಪಂಪಿನ ತುಂಡಿಗೆ ಬೋಲ್ಟು ಹಾಕಿ. ಕಟ್ಟಿದ್ದು ಸಡಿಲವಾದರೆ ಮತ್ತೆ ಬಿಗಿಯಬಹುದು. ಅಂಟಿಸಿದ್ದು ಬಿದ್ದರೆ ಒಡೆದೇ ಹೋಗುತ್ತದೆ.

ಚೌಕಟ್ಟು ಗೋಡೆಗೆ ತಾಗಬಾರದು. ಹಿಂದೆ ಒಂದು ಇಂಚಾದರೂ ಗಾಳಿ ಓಡಾಡುವ ಜಾಗ ಇರಲಿ. ಬೂಷ್ಟು ಮೊದಲು ಶುರುವಾಗುವುದು ಆ ಹಿಂಬದಿಯಲ್ಲೇ.

ಹಿನ್ನೆಲೆಗೆ ಹಳೇ ಸಿಮೆಂಟ್ ಶೀಟ್ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಕೊಯ್ದರೆ, ತೂತು ಕೊರೆದರೆ ಏಳುವ ಧೂಳು ಶ್ವಾಸಕೋಶಕ್ಕೆ ಹೋಗಿ ಕೂರುತ್ತದೆ. ಹಳೇ ಬ್ಯಾಟರಿ, ಹಳೇ ಡಬ್ಬಾ ಟಿವಿಯ ಗಾಜೂ ಬೇಡ. ಎರಡರಲ್ಲೂ ಸೀಸ ಇದೆ.

ರೋಬಸ್ಟಾ ರಗಳೆ, ಸಿದ್ದಾಪುರ

ಒಂದು ಅನುಮಾನ. ಸ್ಟೋರಿನ ಕಸವನ್ನು ಗೋಡೆಗೆ ತಂದು ಕಟ್ಟಿದರೆ ಅದು ಕಲೆ ಆಗುತ್ತದಾ? ನಮ್ಮ ಸ್ಟೋರಿನಲ್ಲೂ ಬೇಕಾದಷ್ಟಿದೆ. ಹಾಗಾದರೆ ನಾನೂ ಕಲಾವಿದ ಅಂತ ಬೋರ್ಡ್ ಹಾಕಿಕೊಳ್ಳಬಹುದು! ಈಗ ಯಾವ ಹೋಂಸ್ಟೇಗೆ ಹೋದರೂ ಇದೇ. ಗೋಡೆಯಲ್ಲಿ ಒಂದು ಗಾಡಿ ಚಕ್ರ, ಒಂದು ಲಾಟೀನು, ಪಕ್ಕದಲ್ಲಿ ಪೇಟೆಯಿಂದ ಬಂದವರ ಸೆಲ್ಫಿ.

ಚಿತ್ರದ ಮೇಷ್ಟ್ರು, ವಿರಾಜಪೇಟೆ

ರಗಳೆಯವರ ಪ್ರಶ್ನೆ ತಮಾಷೆಯದಾದರೂ ಸರಿಯಾಗಿದೆ. ಹೋಂಸ್ಟೇ ಚಕ್ರದ ಬಗ್ಗೆ ನನ್ನ ಅಭಿಪ್ರಾಯವೂ ಅದೇ. ಚಕ್ರ ಅಲ್ಲಿ ಚಕ್ರವಾಗಿಯೇ ಉಳಿದಿದೆ. ಪಕ್ಕದ ವಸ್ತುವಿನ ಜೊತೆ ಅದಕ್ಕೆ ಮಾತುಕತೆಯೇ ಇಲ್ಲ.

1912ರಲ್ಲಿ ಪಿಕಾಸೊ ಒಂದು ಚಿತ್ರ ಮಾಡಿದರು. ಬೆತ್ತದ ಕುರ್ಚಿಯ ಹೆಣಿಗೆ ಅಚ್ಚಾಗಿದ್ದ ಎಣ್ಣೆಬಟ್ಟೆಯ ತುಂಡನ್ನು ಕ್ಯಾನ್ವಾಸಿಗೆ ಅಂಟಿಸಿದರು. ಸುತ್ತಲೂ ಚೌಕಟ್ಟಿನ ಬದಲು ಹಗ್ಗ ಸುತ್ತಿದರು. ಚಿತ್ರಕಲೆಯಲ್ಲಿ ಕೊಲಾಜ್, ಅಂದರೆ ಬೇರೆ ಬೇರೆ ವಸ್ತು ಅಂಟಿಸಿ ಚಿತ್ರ ಮಾಡುವುದು, ಶುರುವಾದದ್ದು ಅಲ್ಲಿಂದ ಅಂತ ಹೇಳುತ್ತಾರೆ. 1942ರಲ್ಲಿ ಅವರೇ ಒಂದು ಸೈಕಲ್ ಸೀಟಿನ ಮೇಲೆ ಹ್ಯಾಂಡಲ್ ಸೇರಿಸಿದರು. ನೋಡಿದರೆ ಗೂಳಿಯ ತಲೆ! ಎರಡೇ ವಸ್ತು. ಸೀಟು ಸೀಟಾಗಿಯೂ ಕಾಣುತ್ತದೆ, ಮುಖವಾಗಿಯೂ ಕಾಣುತ್ತದೆ. ಕಸ ಅಲ್ಲಿ ಕಲೆಯಾಯಿತು.

ಘಾನಾದಲ್ಲಿ ಹುಟ್ಟಿ ನೈಜೀರಿಯಾದಲ್ಲಿ ಕೆಲಸ ಮಾಡಿದ ಎಲ್ ಅನಾಟ್ಸುಯಿ ಇನ್ನೊಂದು ದಾರಿ ಹಿಡಿದರು. ಹೆಂಡದ ಬಾಟಲಿಯ ಅಲ್ಯೂಮಿನಿಯಂ ಮುಚ್ಚಳಗಳನ್ನು ಚಪ್ಪಟೆ ಮಾಡಿ, ತಾಮ್ರದ ತಂತಿಯಲ್ಲಿ ಹೆಣೆದು ಗೋಡೆ ತುಂಬುವ ಬಟ್ಟೆ ಮಾಡಿದರು. ದೂರದಿಂದ ಜರಿ ಸೀರೆ, ಹತ್ತಿರ ಹೋದರೆ ಬಾಟಲಿ ಮುಚ್ಚಳ. ಅಲ್ಲೂ ಅಂಟಿಲ್ಲ, ನೋಡಿ. ಗುಜರಿ ಗೆಳೆಯರ ಮಾತು ಸುಳ್ಳಲ್ಲ.

ಹೆಂಚಿನಮನೆಯವರಿಗೆ ನನ್ನ ಸಲಹೆ ಇಷ್ಟು. ಇರುವುದನ್ನೆಲ್ಲ ಹಾಕಬೇಡಿ. ಎಲ್ಲವನ್ನೂ ಅಂಗಳದಲ್ಲಿ ಹರಡಿ. ಚೌಕಟ್ಟಿನಷ್ಟೇ ಜಾಗಕ್ಕೆ ಸುಣ್ಣದ ಗೆರೆ ಎಳೆಯಿರಿ. ಒಳಗೆ ಜೋಡಿಸಿ, ಒಂದು ಕುರ್ಚಿ ಹತ್ತಿ ಮೇಲಿಂದ ಫೋಟೋ ತೆಗೆಯಿರಿ. ಫೋಟೋವನ್ನು ಕಪ್ಪು ಬಿಳುಪು ಮಾಡಿ ನೋಡಿ. ಯಾವುದು ಜಾಸ್ತಿ ಕಿರುಚುತ್ತದೋ ಅದನ್ನು ತೆಗೆಯಿರಿ. ಲಾಟೀನು ಹೋಗುತ್ತದೆ ಅಂತ ನನ್ನ ಊಹೆ. ಲಾಟೀನು ಯಾವತ್ತೂ ನನ್ನನ್ನೇ ನೋಡಿ ಅನ್ನುತ್ತದೆ.

ಒಂದು ಬಣ್ಣ ದೊರೆ ಆಗಿರಲಿ. ನಿಮ್ಮಲ್ಲಿ ಅದು ಆಗಲೇ ಇದೆ, ಹಂಚಿನ ಕೆಂಪು. ತುಕ್ಕು ಅದಕ್ಕೆ ನೆಂಟ. ಗೋಣಿಯೂ ಹೊಂದುತ್ತದೆ. ಹಿತ್ತಾಳೆಯನ್ನು ಒಂದೆರಡು ಕಡೆ ಮಾತ್ರ ಬೆಳಗಿ, ಉಳಿದದ್ದನ್ನು ಹಾಗೇ ಮಂಕಾಗಿ ಬಿಡಿ.

ಗುಜರಿ ಗೆಳೆಯ, ಕುಶಾಲನಗರ

ಮೇಷ್ಟ್ರೇ, ಒಂದು ಸೇರಿಸುತ್ತೇನೆ. ಅಲ್ಯೂಮಿನಿಯಂ, ತಾಮ್ರ ಎರಡನ್ನೂ ತಾಗಿಸಿ ಕಟ್ಟಿದರೆ ನಮ್ಮ ಮಳೆಗೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ನೀರು ನಡುವೆ ಬಂದರೆ ಎರಡು ಲೋಹ ಸೇರಿ ಸಣ್ಣ ಬ್ಯಾಟರಿಯೇ ಆಗುತ್ತದೆ. ಮ್ಯೂಸಿಯಂ ಒಳಗೆ ಪರವಾಗಿಲ್ಲ. ಜಗಲಿಯಲ್ಲಿ ಸ್ಟೀಲ್ ತಂತಿ ಬಳಸಿ, ನಡುವೆ ರಬ್ಬರಿನ ಚೂರು ಕೊಡಿ. ಹಳೇ ಸೈಕಲ್ ಟ್ಯೂಬ್ ಸಾಕು.

ತುಕ್ಕು ಹಾಗೇ ಕಾಣಬೇಕು, ಆದರೆ ಬೆಳೆಯಬಾರದು ಅನ್ನುವುದಾದರೆ: ತಂತಿ ಬ್ರಷ್‌ನಿಂದ ಸಡಿಲ ತುಕ್ಕು ಉದುರಿಸಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಬೇಯಿಸಿದ ಅಗಸೆ ಎಣ್ಣೆ ತೆಳ್ಳಗೆ ಉಜ್ಜಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಲಿನ್ಸೀಡ್ ಅಂದರೆ ಕೊಡುತ್ತಾರೆ. ವರ್ಷಕ್ಕೊಮ್ಮೆ ಮಳೆಗೆ ಮೊದಲು ಮತ್ತೆ ಉಜ್ಜಬೇಕು. ಎಣ್ಣೆ ಉಜ್ಜಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ಹರಡಿ ಒಣಗಿಸಿ, ಇಲ್ಲ ನೀರಲ್ಲಿ ಅದ್ದಿಡಿ.

ಹೆಂಚಿನಮನೆ, ನಾಪೋಕ್ಲು

ಅಂಗಳದಲ್ಲಿ ಹರಡಿ ನೋಡಿದೆ. ಲಾಟೀನು ಹೋಯಿತು ಮೇಷ್ಟ್ರೇ! ನಮ್ಮೆಜಮಾನರಿಗೆ ಮಾತ್ರ ಬೇಜಾರು.

ಹಂಚುಗಳ ಹಿಂದೆ ಕಂಪನಿ ಹೆಸರಿನ ಅಚ್ಚಿದೆ. ಒಂದೆರಡರಲ್ಲಿ ಬಾಸೆಲ್ ಮಿಷನ್ ಅಂತ ಓದಲು ಬರುತ್ತದೆ. ಹಿಂಬದಿ ಮುಂದೆ ಮಾಡಿ ಹಾಕಿದರೆ ಹೇಗೆ? ಮತ್ತೆ ಚೆಕ್‌ರೋಲ್ ಪುಸ್ತಕ ಬಿಡಲು ಮನಸ್ಸಿಲ್ಲ. ಆ ಕೈಬರಹ ಅಷ್ಟು ಚೆನ್ನಾಗಿದೆ. ಕಾಗದ ಮಳೆಗೆ ಉಳಿಯುತ್ತಾ?

ಚಿತ್ರದ ಮೇಷ್ಟ್ರು, ವಿರಾಜಪೇಟೆ

ಖಂಡಿತ ಹಿಂಬದಿ ತೋರಿಸಿ. ಬಾಸೆಲ್ ಮಿಷನ್ ಅಂದರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ. ಅವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಘಟ್ಟ ಹತ್ತಿ ಬಂದ ಹಂಚು ಅದು. ಅಚ್ಚು ಇರುವ ಹಂಚಿಗೆ ಬಣ್ಣ ಬಳಿಯಬೇಡಿ, ಮೆತ್ತಗಿನ ಬ್ರಷ್‌ನಲ್ಲಿ ಪಾಚಿ ಮಾತ್ರ ಉಜ್ಜಿ. ಮೂಗು ಮುಂದೆ ಬರುವುದರಿಂದ ಸಿಕ್ಕಿಸಲು ಆಗುವುದಿಲ್ಲ. ನೀರು ಹಾಕಿಕೊಂಡು, ಡ್ರಿಲ್ಲಿನ ಹ್ಯಾಮರ್ ನಿಲ್ಲಿಸಿ, ನಿಧಾನಕ್ಕೆ ತೂತು ಕೊರೆದು ತಂತಿ ಹಾಕಿ.

ಚೆಕ್‌ರೋಲಿನ ಮೂಲ ಪುಟವನ್ನು ಹೊರಗೆ ಹಾಕಲೇಬೇಡಿ. ಹಳೇ ಪೆನ್ನಿನ ಶಾಯಿ ಒಂದು ಹನಿ ನೀರಿಗೆ ಹರಿದು ಹೋಗುತ್ತದೆ. ಪುಟವನ್ನು ಝೆರಾಕ್ಸ್ ಮಾಡಿಸಿ. ಲೇಸರ್ ಝೆರಾಕ್ಸಿನಲ್ಲಿ ಕಪ್ಪಾಗಿ ಕಾಣುವುದು ಶಾಯಿಯಲ್ಲ, ಪುಡಿಯನ್ನು ಕರಗಿಸಿ ಅಂಟಿಸಿದ್ದು. ನೀರಿಗೆ ಕದಲುವುದಿಲ್ಲ. ಅದನ್ನು ಮರದ ಹಲಗೆಗೆ ಇಳಿಸಬಹುದು. ಹಲಗೆಗೆ ಅಕ್ರಿಲಿಕ್ ಮೀಡಿಯಂ (ಅಕ್ರಿಲಿಕ್ ಬಣ್ಣಕ್ಕೆ ಬೆರೆಸುವ, ಬಣ್ಣವಿಲ್ಲದ ಅಂಟಿನಂಥ ದ್ರವ) ದಪ್ಪಗೆ ಹಚ್ಚಿ, ಝೆರಾಕ್ಸನ್ನು ಮುಖ ಕೆಳಗೆ ಮಾಡಿ ಒತ್ತಿ, ರಾತ್ರಿಯಿಡೀ ಒಣಗಲು ಬಿಡಿ. ಬೆಳಿಗ್ಗೆ ಒದ್ದೆ ಸ್ಪಂಜಿನಿಂದ ಕಾಗದವನ್ನು ಉಜ್ಜಿ ಉಜ್ಜಿ ತೆಗೆಯಿರಿ. ಬರಹ ಮರದ ಮೇಲೆ ಉಳಿಯುತ್ತದೆ. ಅಕ್ಷರ ಉಲ್ಟಾ ಬರುತ್ತದೆ, ಆದ್ದರಿಂದ ಅಂಗಡಿಯವರಿಗೆ ಕನ್ನಡಿ ಪ್ರತಿ ಕೊಡಿ ಅಂತ ಮೊದಲೇ ಹೇಳಿ.

ಬಣ್ಣದಬುಟ್ಟಿ, ಸೋಮವಾರಪೇಟೆ

ಕಾಗದದ ವಿಷಯ ಬಂತಲ್ಲ, ನಾನೂ ಒಂದು ಹೇಳುತ್ತೇನೆ. ನಮ್ಮಜ್ಜಿ ಹಳೇ ಪೇಪರನ್ನು ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ, ಪಾತ್ರೆಯ ಮೇಲೆ ಮೆತ್ತಿ ಬುಟ್ಟಿ ಮಾಡುತ್ತಿದ್ದರು. ಮೆಂತ್ಯದ ಲೋಳೆಯೇ ಅಂಟು. ಕಹಿ ಇರುವುದರಿಂದ ಹುಳವೂ ಹತ್ತಿರ ಬರುವುದಿಲ್ಲ ಅನ್ನುತ್ತಿದ್ದರು. ಶಾಲೆಯಲ್ಲಿ ಮಕ್ಕಳ ಕೈಲಿ ಇದನ್ನೇ ಮಾಡಿಸುತ್ತೇನೆ. ಮುಖವಾಡ, ಹಕ್ಕಿ, ಏನು ಬೇಕಾದರೂ ಆಗುತ್ತದೆ. ಒಣಗಿಸಲು ಮಾತ್ರ ಫೆಬ್ರವರಿ, ಮಾರ್ಚ್ ಬಿಸಿಲೇ ಬೇಕು.

ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿದರೆ ಬೂಷ್ಟು ಬರುವುದಿಲ್ಲ ಅಂತ ಪುಸ್ತಕ ಬೈಂಡ್ ಮಾಡುವವರು ಹೇಳುತ್ತಾರೆ. ತೋಟದ ಗಿಡಗಳಿಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಅಂತ ಎಲ್ಲರ ಮನೆಯಲ್ಲೂ ಮೈಲುತುತ್ತ ಇರುತ್ತದಲ್ಲ?

ರೋಬಸ್ಟಾ ರಗಳೆ, ಸಿದ್ದಾಪುರ

ಮೇಡಂ, ಬೈಂಡ್ ಮಾಡುವವರು ಹಾಕುವುದು ನಿಜ. ಆದರೆ ಮಕ್ಕಳು ಬೆರಳು ನೆಕ್ಕುವ ಕಡೆ ಮೈಲುತುತ್ತ ಬೇಡವೇ ಬೇಡ. ಅದು ವಿಷ. ತೋಟದ ಔಷಧಿ ಡಬ್ಬಗಳನ್ನೂ ಶಾಲೆಗೆ ತರಿಸಬೇಡಿ. ಎಷ್ಟು ತೊಳೆದರೂ ಒಳಗೆ ಅಂಶ ಉಳಿದಿರುತ್ತದೆ. ಹೆಂಚಿನಮನೆಯವರ ಹಿತ್ತಾಳೆ ಪಂಪಿಗೂ ಇದೇ ಮಾತು. ಕೈಗೆ ಗ್ಲೌಸ್ ಹಾಕಿಕೊಂಡು ಸೋಪು ನೀರಲ್ಲಿ ತೊಳೆಯಿರಿ. ಒಣ ಉಜ್ಜಿ ಧೂಳು ಎಬ್ಬಿಸಬೇಡಿ.

ತಮಾಷೆ ಸಾಕು, ಕಾಫಿ ಬುಡದ ಬಗ್ಗೆ ನಾನು ಗೊತ್ತಿರುವವನು. ನಿಮ್ಮ ಅಂಗಳದಲ್ಲಿರುವುದು ಅರೇಬಿಕಾನಾ? ಕಾಂಡಕೊರಕ ಬಿದ್ದು ಕಿತ್ತದ್ದಾ? ಹಾಗಿದ್ದರೆ ಹುಷಾರು. ಹುಳ ಕಾಂಡದ ಒಳಗೇ ಇದ್ದು, ಆಮೇಲೆ ದುಂಬಿಯಾಗಿ ಹಾರಿ ಪಕ್ಕದ ಗಿಡಕ್ಕೆ ಮೊಟ್ಟೆ ಇಡುತ್ತದೆ. ಏಪ್ರಿಲ್, ಮೇ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಮ್ಮೆ ಅದರ ಹಾರಾಟ. ಅದಕ್ಕೇ ಕಿತ್ತ ಗಿಡವನ್ನು ಸುಡಿ ಅನ್ನುವುದು. ಇಟ್ಟುಕೊಳ್ಳಲೇಬೇಕಾದರೆ ಒಂದು ವಾರಕ್ಕಿಂತ ಜಾಸ್ತಿ ನೀರಲ್ಲಿ ಪೂರ್ತಿ ಮುಳುಗಿಸಿಡಿ. ಮೇಲೆ ಕಲ್ಲು ಹೇರಿ, ಇಲ್ಲದಿದ್ದರೆ ತೇಲುತ್ತದೆ.

ಆಮೇಲೆ ತೊಗಟೆ ಸುಲಿದು ನೋಡಿ. ಹುಳ ಕೊರೆದ ದಾರಿಗಳು ಸುತ್ತಿ ಬಳಸಿ ಹೋಗಿರುತ್ತವೆ. ಪೂರ್ತಿ ಒಂದು ತೋಟ ಹಾಳು ಮಾಡಿದ ಗೆರೆ ಅದು. ನನಗೆ ಕಂಡರೆ ಹೊಟ್ಟೆ ಉರಿಯುತ್ತದೆ, ಆದರೆ ಚೆಂದ ಇದೆ ಅನ್ನುವುದನ್ನು ಸುಳ್ಳು ಅನ್ನಲಾರೆ. ಆ ಗೆರೆಗೆ ಕಪ್ಪು ಬಣ್ಣ ತುಂಬಿ, ಮೇಲ್ಮೈ ಒರೆಸಿಬಿಟ್ಟರೆ ಚಿತ್ರ ತಾನಾಗಿ ಬರುತ್ತದೆ.

ರೋಬಸ್ಟಾ ಬುಡವಾದರೆ ಈ ಭಯ ಕಡಿಮೆ. ಗಟ್ಟಿ ಮರ, ಆದರೆ ಒಣಗುವಾಗ ಸೀಳುತ್ತದೆ. ಕೊಯ್ದ ತುದಿಗೆ ಮೇಣ ಹಚ್ಚಿ ನೆರಳಲ್ಲಿ ನಿಧಾನಕ್ಕೆ ಒಣಗಿಸಿ.

ಬಣ್ಣದಬುಟ್ಟಿ, ಸೋಮವಾರಪೇಟೆ

ಸರಿ ಸರ್, ಮೈಲುತುತ್ತ ಕೈಬಿಟ್ಟೆ. ಕಬ್ಬಿಣದ ಚೂರಿಗೆ ಹುಳಿ ಹಾಕಿ ಕಪ್ಪು ಬಣ್ಣ ಮಾಡಬಹುದು ಅಂತ ಕೇಳಿದ್ದೆ. ನಮ್ಮ ಅಡುಗೆಯ ಕಪ್ಪು ಹುಳಿರಸ, ಕಾಚಂಪುಳಿ ಆಗುತ್ತಾ?

ರೋಬಸ್ಟಾ ರಗಳೆ, ಸಿದ್ದಾಪುರ

ಕಾಚಂಪುಳಿ ಹಂದಿ ಕರಿಗೆ ಇರಲಿ ಮೇಡಂ! ಅದರ ಬೆಲೆ ಗೊತ್ತಾ?

ಚಿತ್ರದ ಮೇಷ್ಟ್ರು, ವಿರಾಜಪೇಟೆ

ಅಂಗಡಿಯ ಬಿಳಿ ವಿನೆಗರ್ ಸಾಕು. ಕಬ್ಬಿಣದ ಮೊಳೆ ಹಾಕಿ ಕೆಲವು ದಿನ ಬಿಡಿ. ಮುಚ್ಚಳ ಬಿಗಿಯಾಗಿ ಹಾಕಬೇಡಿ, ಗ್ಯಾಸ್ ಹೊರಗೆ ಹೋಗಬೇಕು. ಮರಕ್ಕೆ ಮೊದಲು ಗಟ್ಟಿ ಟೀ ಡಿಕಾಕ್ಷನ್ ಹಚ್ಚಿ, ಒಣಗಿದ ಮೇಲೆ ಈ ನೀರು ಹಚ್ಚಿ. ಟೀಯ ಒಗರು ಕಬ್ಬಿಣದ ಜೊತೆ ಸೇರಿ ಕಣ್ಣೆದುರೇ ಕಪ್ಪಾಗುತ್ತದೆ. ಕಾಂಡಕೊರಕದ ಮರಕ್ಕೂ ಇದು ನಡೆಯುತ್ತದೆ.

ಹೂವು, ಸೊಪ್ಪಿನ ಬಣ್ಣ ನಂಬಬೇಡಿ. ಕಕ್ಕಡ ತಿಂಗಳಲ್ಲಿ ಪಾಯಸಕ್ಕೆ ಹಾಕುವ ಮದ್ದುಸೊಪ್ಪಿನ ನೇರಳೆ ಎಷ್ಟು ಚೆಂದ ಅಲ್ವಾ? ಕಾಗದಕ್ಕೆ ಹಚ್ಚಿ ಕಿಟಕಿ ಹತ್ತಿರ ಇಟ್ಟರೆ ಮಂಕಾಗುತ್ತಾ ಹೋಗುತ್ತದೆ. ಪಾಯಸಕ್ಕೇ ಸರಿ ಅದು.

ಕಾಡಂಚಿನವ, ತಿತಿಮತಿ

ಎಲ್ಲರೂ ಸಿಕ್ಕಿದ ವಸ್ತು ಅನ್ನುತ್ತಿದ್ದೀರಿ. ತೋಟದಲ್ಲಿ ಸಿಗುವುದೆಲ್ಲ ನಮ್ಮದಲ್ಲ. ಜಿಂಕೆ, ಕಡವೆ ತಾನಾಗಿ ಉದುರಿಸಿದ ಕೊಂಬನ್ನೂ ಮನೆಗೆ ತರಬೇಡಿ. ಮುಳ್ಳುಹಂದಿ ಮುಳ್ಳು, ಆನೆ ಬಾಲದ ಕೂದಲು, ಉಗುರು, ಹಲ್ಲು ಯಾವುದೂ ಬೇಡ. 1972ರ ವನ್ಯಜೀವಿ ಕಾಯ್ದೆಗೆ ಬಿದ್ದು ಸಿಕ್ಕಿತು ಅನ್ನುವ ನೆಪ ನಡೆಯುವುದಿಲ್ಲ. 2023ರಲ್ಲಿ ಹುಲಿ ಉಗುರಿನ ಪದಕದ ಗಲಾಟೆ ನೋಡಿದ್ದೀರಲ್ಲ. ಬೀಟೆ, ಗಂಧದ ತುಂಡೂ ಹಾಗೇ, ಕಾಗದ ಪತ್ರ ಇಲ್ಲದೆ ಮುಟ್ಟಬೇಡಿ.

ಎಷ್ಟು ಕಡಿದು ತಂದರೂ ಮುಗಿಯದ ವಸ್ತು ಒಂದಿದೆ. ಲಂಟಾನ. ಕಾಡಿನ ಹುಲ್ಲನ್ನೆಲ್ಲ ನುಂಗಿ ಹಾಕಿದ ಗಿಡ. ಅದರ ಕೋಲನ್ನು ನೀರಲ್ಲಿ ಬೇಯಿಸಿ, ತೊಗಟೆ ಸುಲಿದರೆ ಬೆತ್ತದ ಹಾಗೆ ಬಾಗುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದರಿಂದ ಕುರ್ಚಿ, ಬುಟ್ಟಿ ಮಾಡುತ್ತಾರೆ. ನೀಲಗಿರಿಯ ಗೂಡಲೂರು ಕಡೆ ಬೆಟ್ಟಕುರುಂಬ, ಪಣಿಯ ಮೊದಲಾದ ಸಮುದಾಯದವರು ಇದರಲ್ಲೇ ನಿಜವಾದ ಆನೆಯಷ್ಟು ದೊಡ್ಡ ಆನೆಗಳನ್ನು ಹೆಣೆದರು. ಅವು 2021ರಲ್ಲಿ ಲಂಡನ್ ಪಾರ್ಕಿನಲ್ಲಿ ನಿಂತವು. ಇಲ್ಲಿ ನಮ್ಮ ತೋಟದ ಬೇಲಿ ಮುರಿಯುವ ಆನೆಯನ್ನು ಅಲ್ಲಿ ಜನ ಟ್ಯಾಕ್ಸಿ ಇಳಿದು ನೋಡಿದರು.

ನದಿ ದಡದಲ್ಲಿ ಸಾಮಾನು ಹೆಕ್ಕುವವರಿಗೂ ಒಂದು ಮಾತು. ಕರಡಿಗೋಡಿನ ಕಡೆ ನೆರೆ ಇಳಿದ ಮೇಲೆ ಬೇಲಿ ತುಂಬಾ ಕಟ್ಟಿಗೆ, ಪ್ಲಾಸ್ಟಿಕ್ ಸಿಕ್ಕಿಕೊಂಡಿರುತ್ತದೆ. ಒಳ್ಳೇ ಒಳ್ಳೇ ಬೇರು ಸಿಗುತ್ತದೆ. ಆದರೆ ಆ ಕೆಸರಿಗೆ ಬರಿಗೈ ಹಾಕಬೇಡಿ, ಇಲಿ ಜ್ವರ ಬರುವುದು ಅದರಿಂದಲೇ. ಬೂಟು, ಗ್ಲೌಸ್ ಇರಲಿ.

ಗುಜರಿ ಗೆಳೆಯ, ಕುಶಾಲನಗರ

ಹೆಂಚಿನಮನೆ ಅಕ್ಕ, ಹಂಚು ಸಾಲದಿದ್ದರೆ ಹೇಳಿ. 2018ರಲ್ಲಿ ಗುಡ್ಡ ಕುಸಿದಾಗ ಬಿದ್ದ ಮನೆಗಳ ಬಾಗಿಲು, ಕಿಟಕಿ ಸರಳು, ಹಂಚು ಒಂದಷ್ಟು ನನ್ನ ಶೆಡ್ಡಿನಲ್ಲಿವೆ. ಗುಜರಿಯವರಿಂದ ತಂದದ್ದು. ಒಂದು ಬಾಗಿಲಿನಲ್ಲಿ ಮಕ್ಕಳ ಎತ್ತರ ಗುರುತು ಹಾಕಿದ ಗೆರೆಗಳಿವೆ. ನಡುವೆ ಇಟ್ಟರೆ ಇಡೀ ಕೃತಿ ಎದ್ದು ನಿಲ್ಲುತ್ತದೆ.

ಮಕ್ಕಂದೂರು ಮಗಳು

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಈಗ ಬರೆಯಬೇಕು ಅನ್ನಿಸಿತು.

ಆ ಆಗಸ್ಟ್‌ನಲ್ಲಿ ನಮ್ಮ ಮನೆಯೂ ಹೋಯಿತು. ಮನೆ ಅಂದರೆ ಮನೆ, ಹಿಂದಿನ ತೋಟ, ದನದ ಕೊಟ್ಟಿಗೆ ಎಲ್ಲ. ನಾವು ಉಟ್ಟ ಬಟ್ಟೆಯಲ್ಲಿ ಹೊರಟವರು. ವಾಪಸು ಹೋಗಿ ನೋಡುವಷ್ಟರಲ್ಲಿ ಮಣ್ಣಿನ ಮೇಲೆ ಕಾಣುತ್ತಿದ್ದ ಕಬ್ಬಿಣವನ್ನೆಲ್ಲ ಯಾರೋ ಒಯ್ದಿದ್ದರು. ನಮ್ಮ ಬಾಗಿಲಲ್ಲೂ ಮಕ್ಕಳ ಎತ್ತರದ ಗೆರೆಗಳಿದ್ದವು. ಅದು ನಮ್ಮದೇ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಮನೆಗಳಲ್ಲಿ ಇರುತ್ತದೆ.

ಆದರೆ ಅಣ್ಣ, ಅದು ನಿಮಗೆ ಸಿಕ್ಕಿದ ವಸ್ತು, ನಮಗೆ ಕಳೆದುಹೋದ ವಸ್ತು. ಕೃತಿ ಎದ್ದು ನಿಲ್ಲುತ್ತದೆ ಅಂದಿರಲ್ಲ, ನನಗೆ ಅದನ್ನು ಓದಿ ಕೈ ನಡುಗಿತು.

ಗುಜರಿ ಗೆಳೆಯ, ಕುಶಾಲನಗರ

ತಂಗಿ, ನಾನು ದುಡ್ಡು ಕೊಟ್ಟೇ ತಂದದ್ದು. ನಾನು ತರದಿದ್ದರೆ ಕಬ್ಬಿಣ ಕರಗಿಸುವ ಕುಲುಮೆಗೆ, ಮರ ಒಲೆಗೆ ಹೋಗುತ್ತಿತ್ತು. ಉಳಿಸಿದೆ ಅಂತ ನನ್ನ ಭಾವನೆ. ನಿಮ್ಮ ಮನಸ್ಸಿಗೆ ನೋವಾಗಿದ್ದರೆ ಅದು ನನಗೂ ಅರ್ಥವಾಗುತ್ತದೆ.

ಚಿತ್ರದ ಮೇಷ್ಟ್ರು, ವಿರಾಜಪೇಟೆ

ನೇಕ್ ಚಂದ್ ಅವರ ಕೆಲಸ ನೆನಪಾಗುತ್ತದೆ. ಚಂಡೀಗಢದಲ್ಲಿ ಸರ್ಕಾರದ ರಸ್ತೆ ಇನ್ಸ್‌ಪೆಕ್ಟರ್ ಆಗಿದ್ದವರು. ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಒಡಕು ಸಾಮಾನನ್ನು ಸೈಕಲ್ ಮೇಲೆ ಹೊತ್ತು ತಂದು, 1957ರಿಂದ ಕಾಡಿನಲ್ಲಿ ಗುಟ್ಟಾಗಿ ತೋಟ ಕಟ್ಟಿದರು. ಒಡೆದ ಬಳೆ, ಪಿಂಗಾಣಿ, ಕಲ್ಲು. ಅಧಿಕಾರಿಗಳಿಗೆ ಗೊತ್ತಾಗಲು ಹದಿನೆಂಟು ವರ್ಷ ಹಿಡಿಯಿತು. 1976ರಲ್ಲಿ ಅದು ರಾಕ್ ಗಾರ್ಡನ್ ಅಂತ ಜನರಿಗೆ ತೆರೆಯಿತು. ಹಳ್ಳಿಗಳು ಹೋದವು. ಅವುಗಳ ಬಳೆ ಚೂರು ಉಳಿಯಿತು.

ಮಕ್ಕಂದೂರು ಮಗಳು

ಮೇಷ್ಟ್ರೇ, ಆ ಹಳ್ಳಿಯವರನ್ನು ಯಾರಾದರೂ ಕೇಳಿದರಾ?

ಚಿತ್ರದ ಮೇಷ್ಟ್ರು, ವಿರಾಜಪೇಟೆ

ನಿಮ್ಮ ಪ್ರಶ್ನೆಗೆ ನನ್ನಲ್ಲಿ ಉತ್ತರ ಇಲ್ಲ. ನೇಕ್ ಚಂದ್ ಸ್ವತಃ ದೇಶ ಹೋಳಾದಾಗ ಊರು ಬಿಟ್ಟು ಬಂದವರು, ಅವರ ಹಳ್ಳಿ ಪಾಕಿಸ್ತಾನದ ಕಡೆ ಉಳಿಯಿತು. ಕಳೆದುಕೊಂಡವರೇ ಕಟ್ಟಿದ್ದು ಅದು. ಕಳೆದುಕೊಳ್ಳದವರು ಕಟ್ಟುವಾಗ ಕೇಳಿ ಕಟ್ಟಬೇಕು, ಅಷ್ಟು ಒಪ್ಪುತ್ತೇನೆ.

ರೋಬಸ್ಟಾ ರಗಳೆ, ಸಿದ್ದಾಪುರ

ಐನ್‌ಮನೆಯ, ಅಂದರೆ ಕೊಡವ ಕುಟುಂಬಗಳ ಮೂಲಮನೆಯ, ಕೆತ್ತನೆ ಕಂಬವನ್ನು ಕಾರಿನಲ್ಲಿ ಬಂದು ಚಿಲ್ಲರೆ ದುಡ್ಡಿಗೆ ಹೊತ್ತುಕೊಂಡು ಹೋಗುವವರಿಗೂ ಇದನ್ನೇ ಹೇಳಬೇಕು. ಮಗಳು ಹೇಳಿದ್ದು ಸರಿ.

ಹೆಂಚಿನಮನೆ, ನಾಪೋಕ್ಲು

ಮಗಳೇ, ಆ ಬಾಗಿಲು ನನಗೆ ಬೇಡ. ಗುಜರಿ ಗೆಳೆಯರೇ, ಅದರ ಫೋಟೋವನ್ನು ಅಲ್ಲಿನ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹಾಕಿಸಿ. ಗುರುತು ಹಿಡಿಯುವವರು ಸಿಗಬಹುದು.

ನಿಮ್ಮ ಮಾತು ಓದಿದ ಮೇಲೆ ನನ್ನ ಚೆಕ್‌ರೋಲನ್ನೂ ಮತ್ತೆ ನೋಡಿದೆ. ಅದರಲ್ಲಿರುವುದು ಕೈಬರಹ ಮಾತ್ರ ಅಲ್ಲ. ಹೆಸರು, ಹೆಬ್ಬೆಟ್ಟು, ಕೂಲಿ. ನನ್ನ ಗೋಡೆಗೆ ಅವರ ಹೆಸರು ಅಲಂಕಾರವಾ? ತೋಟದ ಆಳುಗಳು ಇರುವ ನಮ್ಮ ಲೈನ್‌ಮನೆಯಲ್ಲಿ ಆಗಿನ ಕಾಲದ ಒಬ್ಬರು ಅಜ್ಜಿ ಇದ್ದಾರೆ. ಪುಸ್ತಕ ತೆಗೆದುಕೊಂಡು ಹೋಗಿ ಓದಿ ಹೇಳಿದೆ. ಹೆಸರು ಕಾಣದ ಹಾಗೆ ಬಣ್ಣ ಬಳಿಯಲಾ ಅಂತ ಕೇಳಿದೆ. ಅಜ್ಜಿಗೆ ಸಿಟ್ಟೇ ಬಂತು! ಹೆಸರು ಯಾಕೆ ಅಳಿಸುತ್ತೀ, ನಾನು ಮಳೆಯಲ್ಲಿ 'ಗೊರಗ' (ಮಳೆ ತಡೆಯುವ ಹೊದಿಕೆ) ಹಾಕಿಕೊಂಡು ಮಾಡಿದ ಕೆಲಸ ಅದು, ಕೂಲಿ ಎಷ್ಟು ಕೊಟ್ಟರು ಅಂತಲೂ ಕಾಣಲಿ ಅಂದರು. ನಮ್ಮೆಜಮಾನರು ಪಕ್ಕದಲ್ಲೇ ಇದ್ದರು, ಏನೂ ಹೇಳಲಿಲ್ಲ.

ಅಜ್ಜಿಯ ಪುಟ ಹಾಗೇ ಬರುತ್ತದೆ, ಕೂಲಿ ಸಮೇತ. ಉಳಿದವರಲ್ಲಿ ಕೇಳಲು ಸಿಗದವರ ಹೆಸರನ್ನು ಬಿಡುತ್ತೇನೆ.

ಮಕ್ಕಂದೂರು ಮಗಳು

ಅಜ್ಜಿಗೆ ನನ್ನ ನಮಸ್ಕಾರ ಹೇಳಿ ಅಕ್ಕ. ಫೋಟೋ ಗುಂಪಿಗೆ ನಾನೇ ಹಾಕುತ್ತೇನೆ, ಗೆಳೆಯರು ಕಳಿಸಲಿ.

ಗುಜರಿ ಗೆಳೆಯ, ಕುಶಾಲನಗರ

ನಾಳೆ ಬೆಳಕಲ್ಲಿ ತೆಗೆದು ಕಳಿಸುತ್ತೇನೆ. ಯಾರದ್ದು ಅಂತ ಗೊತ್ತಾದರೆ ದುಡ್ಡು ಬೇಡ, ಗಾಡಿ ಮಾಡಿ ತಲುಪಿಸುತ್ತೇನೆ.

ಬಣ್ಣದಬುಟ್ಟಿ, ಸೋಮವಾರಪೇಟೆ

ಮಕ್ಕಳಿಗೆ ಇನ್ನೊಂದು ಕೆಲಸ ಹುಡುಕಿದ್ದೇನೆ, ಹೇಳಲು ಸ್ವಲ್ಪ ಮುಜುಗರ. ರಸ್ತೆ ಬದಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಸಿಗುವುದು ಮದ್ಯದ ಟೆಟ್ರಾ ಪ್ಯಾಕ್. ಅದರ ಒಳಗಿನ ಬೆಳ್ಳಿ ಹಾಳೆಯಲ್ಲಿ ಅಚ್ಚು ತೆಗೆಯಬಹುದು. ಬಿಡಿಸಿ, ತೊಳೆದು, ಚಪ್ಪಟೆ ಮಾಡಿ, ಒಳಮೈ ಮೇಲೆ ದಪ್ಪ ಸೂಜಿಯಿಂದ ಚಿತ್ರ ಗೀಚಬೇಕು. ಕಪ್ಪು ಕೊಡುವ ಕಡೆ ಬೆಳ್ಳಿ ಹಾಳೆಯನ್ನೇ ಸುಲಿದರೆ ಒಳಗಿನ ರಟ್ಟು ಶಾಯಿ ಹೀರುತ್ತದೆ. ಶಾಯಿ ಹಚ್ಚಿ, ಹಳೇ ಬಟ್ಟೆಯಲ್ಲಿ ಮೇಲ್ಮೈ ಒರೆಸಿ, ಸ್ವಲ್ಪ ಒದ್ದೆ ಮಾಡಿದ ಡ್ರಾಯಿಂಗ್ ಹಾಳೆ ಇಟ್ಟು ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಬೇಕು. ಗೀಚಿದ ಗೆರೆ ಮಾತ್ರ ಹಾಳೆಗೆ ಬರುತ್ತದೆ. ಒಂದು ಪ್ಯಾಕಿನಿಂದ ಕೆಲವು ಪ್ರತಿ ತೆಗೆಯಬಹುದು, ಆಮೇಲೆ ಗೆರೆ ಚಪ್ಪಟೆಯಾಗುತ್ತದೆ.

ಶಾಲೆಗೆ ಮದ್ಯದ ಪ್ಯಾಕ್ ತರಿಸಲು ಆಗುವುದಿಲ್ಲ ಅಂತ ಜ್ಯೂಸ್ ಡಬ್ಬ ತರಿಸುತ್ತೇನೆ. ತಂತ್ರ ಒಂದೇ.

ಕಾಡಂಚಿನವ, ತಿತಿಮತಿ

ನಮ್ಮ ಕಡೆ ರಸ್ತೆ ಬದಿ ಪ್ಯಾಕ್‌ಗಳಲ್ಲಿ ಇಡೀ ತಾಲ್ಲೂಕಿಗೆ ಅಚ್ಚು ತೆಗೆಯಬಹುದು.

ಗುಜರಿ ಗೆಳೆಯ, ಕುಶಾಲನಗರ

ಮೇಡಂ, ಮಡಿಕೇರಿ ದಸರಾ ಮುಗಿದ ಮೇಲೆ ಮಂಟಪ ಮಾಡುವವರನ್ನು ಕೇಳಿ ನೋಡಿ. ಮೆರವಣಿಗೆಗೆ ಹತ್ತು ಮಂಟಪ ಹೊರಡುವ ಊರು, ಪ್ಲೈವುಡ್ ತುಂಡು, ಥರ್ಮೋಕೋಲ್, ತಂತಿ ಉಳಿದೇ ಉಳಿಯುತ್ತದೆ. ಥರ್ಮೋಕೋಲಿಗೆ ಚಪ್ಪಲಿ ಅಂಟಿಸುವ ರಬ್ಬರ್ ಅಂಟು ಹಾಕಬೇಡಿ, ಕರಗಿ ಹೋಗುತ್ತದೆ. ಅಲ್ಲಿ ಬಿಳಿ ಅಂಟೇ ಸರಿ. ಬಿಸಿ ತಂತಿಯಲ್ಲಿ ಕೊಯ್ಯುವ ಕೆಲಸ ಮಕ್ಕಳಿಗೆ ಬೇಡ, ಹೊಗೆ ಕೆಟ್ಟದ್ದು.

ಹೆಂಚಿನಮನೆ, ನಾಪೋಕ್ಲು

ಕೊನೆಗೊಂದು ಪ್ರಶ್ನೆ. ಚೌಕಟ್ಟಿನ ಅಳತೆ ವೆಲ್ಡಿಂಗ್‌ನವರಿಗೆ ಕೊಡಬೇಕು. ಗೋಡೆಗೆ ನಾಲ್ಕು ಬೋಲ್ಟು ಸಾಕಾ? ನಮ್ಮದು ಹಳೇ ಮನೆ, ಮಣ್ಣಿನ ಇಟ್ಟಿಗೆ, ಮೇಲೆ ಸುಣ್ಣದ ಗಾರೆ.

ಗುಜರಿ ಗೆಳೆಯ, ಕುಶಾಲನಗರ

ಮಣ್ಣಿನ ಇಟ್ಟಿಗೆಯಾದರೆ ಗೋಡೆಗೆ ಭಾರ ಕೊಡಲೇಬೇಡಿ. ಒಂದೊಂದು ಹಂಚೇ ಎರಡು ಕೆಜಿಗಿಂತ ಜಾಸ್ತಿ, ಮಳೆಗೆ ನೀರು ಕುಡಿದರೆ ಇನ್ನೂ ಜಾಸ್ತಿ. ಜೊತೆಗೆ ಕಬ್ಬಿಣ, ಕಾಫಿ ಬುಡ. ಚೌಕಟ್ಟಿಗೆ ಎರಡು ಕಾಲು ಕೊಡಿಸಿ, ಪೂರ್ತಿ ಭಾರ ನೆಲಕ್ಕೆ ಬರಲಿ. ಕಾಲಿನ ಕೆಳಗೆ ಚಪ್ಪಡಿ ಕಲ್ಲು ಇಡಿ. ಮೇಲೆ ಮುಂದಕ್ಕೆ ಬೀಳದ ಹಾಗೆ ಜಗಲಿಯ ಮರದ ತೊಲೆಗೆ ಎರಡು ಕೊಂಡಿ ಸಾಕು. ವೆಲ್ಡಿಂಗ್ ಆದ ಮೇಲೆ ರೆಡ್ ಆಕ್ಸೈಡ್ ಎರಡು ಕೋಟ್ ಹೊಡೆಸಿ. ಒಳಮೂಲೆಗಳಿಗೂ ಬ್ರಷ್ ಹೋಗಿದೆಯಾ ಅಂತ ನೀವೇ ನಿಂತು ನೋಡಿ, ಅವರು ಅಲ್ಲಿ ಬಿಟ್ಟುಬಿಡುತ್ತಾರೆ.